ಇನ್ನೂರ ಹದಿನಾಲ್ಕು ಕಿಲೋಮೀಟರ್

ನೀರು ಸರಬರಾಜು ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಅದೊಂದನ್ನೇ ಮಾಡಿಕೊಂಡು ಬಂದವನನ್ನು ಜನ ಮತ್ತೇನೆಂದು ಕರೆದಾರು? ಮೀಟರಪ್ಪ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಅದು ತಿಂಗಳಿಗೊಮ್ಮೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು.

ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತುವುದು, ಜೇಡರ ಬಲೆ ಸರಿಸಿ ಮೊಣಕಾಲೂರುವುದು, ಗಾಜು ಒರೆಸಿ ಟಾರ್ಚ್ ಬಿಟ್ಟು ಅಂಕಿ ಓದುವುದು, ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ ಪುಸ್ತಕದಲ್ಲಿ ಬರೆಯುವುದು. ಪೆನ್ಸಿಲ್ಲಿನ ಹಿಂದೆ ರಬ್ಬರ್ ಇತ್ತು, ಆದರೆ ಅವನು ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸುವಂತಿರಲಿಲ್ಲ. ಮೂಲೆ ಮನೆಯ ನಿವೃತ್ತ ಟೀಚರಮ್ಮ ಎರಡು ವರ್ಷದಿಂದ ಅವನೊಡನೆ ಜಗಳವಾಡುತ್ತಿದ್ದರು.

“ನಮ್ಮನೆ ನಲ್ಲೀಲಿ ಬರೋದು ಬರೀ ಗಾಳಿ ಕಣಯ್ಯಾ. ಗಾಳಿಗೂ ಮೀಟರ್ ಓಡುತ್ತಾ?”

“ಓಡಿದೆ ಅಂದ್ರೆ ನೀರು ಬಂದಿದೆ ಅಂತ್ಲೇ ಅರ್ಥ, ಟೀಚರಮ್ಮ. ಮನುಷ್ಯರು ಹೇಳೋದು ಆಚೆ ಈಚೆ ಆಗುತ್ತೆ. ಮೀಟರ್ ಹೇಳೋದು ಆಗಲ್ಲ.”

ಇಂಥವನು ಕಾರು ಕೊಂಡದ್ದಕ್ಕೆ ಕಾರಣ ಬಸ್ ನಿಲ್ದಾಣದಲ್ಲಿ ಬಾಯಿ ಜಾರಿ ಬಂದ ಒಂದು ಮಾತು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎಂಟು ತಿಂಗಳ ಹಿಂದೆ ಅವಳನ್ನು ಇನ್ನೂರ ಹನ್ನೆರಡು ಕಿಲೋಮೀಟರ್ ಆಚೆಯ ಬಂದರು ಪಟ್ಟಣದ ಆಸ್ಪತ್ರೆಗೆ ವರ್ಗ ಮಾಡಿದರು. ಅವಳು ಹೊರಟದ್ದು ಸ್ವಂತ ತಮ್ಮನ ಬಸ್ಸಿನಲ್ಲೇ. ಆ ಮಾರ್ಗದ ಕಂಡಕ್ಟರ್ ಅವನು. ಅಕ್ಕನ ಟ್ರಂಕನ್ನು ಮೇಲೆ ಹಾಕಿಸಿ ಬಂದು, ಬಸ್ಸಿನ ಇಪ್ಪತ್ತು ಜನಕ್ಕೂ ಕೇಳುವಂತೆ ಹೇಳಿದ: “ಭಾವ, ಶನಿವಾರ ಶನಿವಾರ ಬಂದ್ಬಿಡಿ. ಕಿಟಕಿ ಪಕ್ಕದ ಸೀಟು ನಿಮಗೇ ಅಂತ ಇಡ್ತೀನಿ.”

ಒಳ್ಳೆಯ ಮಾತೇ. ಆದರೆ ಭಾವಮೈದುನನ ಬಾಯಿಂದ ಬಂದ ಒಳ್ಳೆಯ ಮಾತು ಭಾವನ ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದಕ್ಕೆ ಇನ್ನೂ ಯಾರೂ ಮೀಟರ್ ಕಂಡುಹಿಡಿದಿಲ್ಲ. ಮೀಟರಪ್ಪ ಎದೆ ಸೆಟೆದು ಹೇಳಿದ: “ನಿನ್ ಬಸ್ಸಲ್ಲಿ ಯಾಕೋ ಬರ್ಲಿ? ಬಂದ್ರೆ ಸ್ವಂತ ಕಾರಲ್ಲೇ ಬರೋದು. ನಿಮ್ಮಕ್ಕನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ವಾಪಸ್ ಕರ್ಕೊಂಡ್ ಬರ್ತೀನಿ, ನೋಡ್ತಿರು.”

ಆಗ ಅವನಿಗಿದ್ದದ್ದು ಒಂದು ಸೈಕಲ್. ಅದರ ಬೆಲ್ಲೂ ಕೆಟ್ಟಿತ್ತು.

ಕಿಟಕಿಯಲ್ಲಿ ಕೂತಿದ್ದ ಹೆಂಡತಿ ನಕ್ಕಳು. “ಆಯ್ತು ರೀ. ಅಲ್ಲೀವರೆಗೂ ಉಸಿರು ಹಿಡ್ಕೊಂಡಿರ್ತೀನಿ” ಅಂದಳು. ದಿನಕ್ಕೆ ನಲವತ್ತು ಜನಕ್ಕೆ ಉಸಿರು ಹಿಡಿದುಕೊಳ್ಳಿ ಎಂದು ಹೇಳುವ ಕೆಲಸ ಅವಳದು. ಬಿಡಿ ಎಂದು ಹೇಳುವುದೂ ಅವಳದೇ.

ಅವಳು ಹೋದ ಮೇಲೆ ಕಟ್ಟಡದ ಮಹಡಿಯ ಮೇಲಿನ ಎರಡು ಕೋಣೆಯ ಮನೆ ಹಿಗ್ಗಿ ನಾಲ್ಕು ಕೋಣೆಯಾಯಿತು. ಬಾಗಿಲ ಹಿಂದೆ ಅವಳ ಹಳೆಯ ಚಪ್ಪಲಿ ಇತ್ತು, ಗುಡಿಸುವಾಗ ಅದನ್ನು ಎತ್ತಿ ಗುಡಿಸಿ ಮತ್ತೆ ಅಲ್ಲೇ ಇಡುತ್ತಿದ್ದ. ಅಡುಗೆಮನೆಯ ಕಿಟಕಿಯ ಗಾಜಿಗೆ ಅವನ ಎಡಗೈಯ ಎಕ್ಸ್‌ರೇ ಅಂಟಿಸಿತ್ತು. ಮದುವೆಯಾದ ಹೊಸದರಲ್ಲಿ ಅವನ ಬೆರಳು ಬಾಗಿಲಿಗೆ ಸಿಕ್ಕಾಗ ಅವಳೇ ತೆಗೆದದ್ದು. ಬೆಳಿಗ್ಗೆ ಬಿಸಿಲು ಬಿದ್ದರೆ ಐದು ಬೆರಳೂ, ಒಂದು ಬಿಳಿ ಉಂಗುರವೂ ಎದ್ದು ಕಾಣುತ್ತಿದ್ದವು. ಚಹಾ ಕುಡಿಯುತ್ತ ಅದನ್ನು ನೋಡುವುದು ಅವನಿಗೆ ರೂಢಿಯಾಯಿತು. ಬಸ್ ಹತ್ತಿದ್ದರೆ ಆರು ಗಂಟೆಯ ದಾರಿ. ಹತ್ತಲಿಲ್ಲ. ಅವಳೇ ರಜೆ ಹಾಕಿ ಮೂರು ಸಲ ಬಂದು ಹೋದಳು. ಇವನು ಕಾರಿಗೆ ಕಾಯುತ್ತಿದ್ದ.

ಕಾರು ಹೊಸ ಕಂಪನಿಯದು, ವಿದ್ಯುತ್ ಕಾರು. ಬುಕ್ ಮಾಡಿ ಏಳು ತಿಂಗಳ ಮೇಲೆ ಬಂತು. ಬಿಳಿ ಬಣ್ಣ, ದುಂಡು ದೀಪ, ಸದಾ ಆಶ್ಚರ್ಯಪಟ್ಟಂಥ ಮುಖ. ಚಾರ್ಜ್ ಮಾಡುವ ತೂತಿಗೆ ಐದು ಮೂಲೆ. ಪ್ರಪಂಚದ ಬೇರೆ ಯಾವ ಪ್ಲಗ್ಗೂ ಅದಕ್ಕೆ ಹಿಡಿಸುತ್ತಿರಲಿಲ್ಲ. “ಚಿಂತೆ ಯಾಕೆ ಸಾರ್, ನಮ್ಮದೇ ಚಾರ್ಜಿಂಗ್ ಕಂಬಗಳು ಎಲ್ಲಾ ಕಡೆ ಬರ್ತವೆ” ಅಂದಿದ್ದ ಮಾರುವವನು. ಪೇಟೆ ಚೌಕದಲ್ಲಿ ಒಂದು ಕಂಬ ಬಂತು. ಹೆದ್ದಾರಿಯ ಕಂಬಗಳು ನಿಂತಿದ್ದವು, ಮುಂದಿನ ವಾರ ಶುರು ಅಂದರು. ಮೂರು ವಾರ ಹಾಗೇ ಅಂದರು.

ನಾಲ್ಕನೆಯ ವಾರ ಕಂಪನಿ ದಿವಾಳಿ ಎದ್ದಿತು.

ಹಿಂದಿನ ಸಂಜೆಯಷ್ಟೇ ಅವನು ಚೌಕದಲ್ಲಿ ಪೂರ್ತಿ ಚಾರ್ಜ್ ಮಾಡಿಸಿಕೊಂಡು ಬಂದಿದ್ದ. ಬೆಳಿಗ್ಗೆ ಕಂಬದ ದೀಪ ಆರಿತ್ತು. ಕಂಪನಿಗೆ ಫೋನ್ ಮಾಡಿದರೆ “ಸರದಿಯಲ್ಲಿ ನೀವು ನಾಲ್ಕನೆಯವರು” ಎಂದು ಒಂದು ಮಧುರ ಧ್ವನಿ ಹೇಳಿತು. ಮೂರು ದಿನ ಬಿಟ್ಟು ಮಾಡಿದಾಗಲೂ ಅವನು ನಾಲ್ಕನೆಯವನೇ. ಮುಂದಿನ ಮೂವರು ಯಾರೋ ಪಾಪ, ಅವರನ್ನು ನೆನೆದು ಮರುಗಿದ.

ಕಾರಿನ ಪರದೆಯ ಮೇಲೆ ಇನ್ನೂರ ಹದಿನಾಲ್ಕು ಎಂದಿತ್ತು. ಉಳಿದ ಚಾರ್ಜಿನಲ್ಲಿ ಅಷ್ಟು ಕಿಲೋಮೀಟರ್ ಓಡುತ್ತದೆಂದು ಅರ್ಥ. ಬಂದರಿಗೆ ಇನ್ನೂರ ಹನ್ನೆರಡು. ಹೋಗಬಹುದು, ಕರೆದುಕೊಂಡು ಬರುವ ಹಾಗಿಲ್ಲ. ಬರೀ ಹೋಗುತ್ತೇನೆಂದು ಅವನು ಹೇಳಿರಲಿಲ್ಲವಲ್ಲ! ನಿಂತ ಕಾರಿನಲ್ಲೇ ಕೂತು ಆ ಅಂಕಿಯನ್ನು ನೋಡಿಕೊಂಡು ಎರಡು ದಿನ ಕಳೆದ. ಮೂರನೆಯ ದಿನ ಸೈಕಲ್ ಪಂಕ್ಚರಾಗಿ, ಬೇರೆ ದಾರಿ ಕಾಣದೆ ಕಾರಿನಲ್ಲೇ ಕಚೇರಿಗೆ ಹೋಗಿ ಬಂದ. ಒಟ್ಟು ಒಂಬತ್ತು ಕಿಲೋಮೀಟರ್. ಬಂದು ನೋಡಿದರೆ ಇನ್ನೂರ ಹದಿನಾಲ್ಕು.

ಕಣ್ಣುಜ್ಜಿದ. ರೂಢಿಯಂತೆ ಗಾಜು ಒರೆಸಿದ. ಟಾರ್ಚ್ ಕೂಡ ಬಿಟ್ಟ. ಇನ್ನೂರ ಹದಿನಾಲ್ಕು.

ಕೆಳಮನೆಯ ದರ್ಜಿಯನ್ನು ಕೂಗಿದ. ದರ್ಜಿ ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿ ಬಂದು ಮುಂದಿನ ಬಾಗಿಲಿಗೆ ಕೈ ಹಾಕಿದ.

“ಅಲ್ಲಲ್ಲ! ಹಿಂದೆ ಕೂತ್ಕೋ.”

ಮುಂದಿನ ಸೀಟಿನ ಮೇಲೆ ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅದು ಯಾರ ಸೀಟು ಎಂದು ಬೀದಿಗೆಲ್ಲ ಗೊತ್ತಿತ್ತು, ಆದರೂ ಎಲ್ಲರೂ ಒಂದೊಂದು ಸಲ ಕೈ ಹಾಕಿ ಬೈಸಿಕೊಂಡವರೇ. ಇಬ್ಬರೂ ಕೆರೆಯ ಏರಿಯವರೆಗೆ ಹೋಗಿ ಬಂದರು. ಇನ್ನೂರ ಹದಿನಾಲ್ಕು. ದರ್ಜಿ ಯೋಚನೆ ಮಾಡಿದ. ಅವನು ಯೋಚನೆ ಮಾಡುವಾಗ ಟೇಪಿನ ತುದಿ ಕಚ್ಚುತ್ತಿದ್ದ.

“ಮೀಟರಪ್ಪ, ಕಂಪನಿ ಯಾಕೆ ಮುಳುಗ್ತು ಅಂತ ಈಗ ಗೊತ್ತಾಯ್ತು ನನಗೆ.”

“ಯಾಕೆ?”

“ಚಾರ್ಜೇ ಖಾಲಿ ಆಗದೇ ಇರೋ ಗಾಡಿ ಮಾಡ್ಬಿಟ್ಟಿದಾರೆ ಕಣೋ! ಇನ್ನು ಆ ಕಂಬಕ್ಕೆ ಯಾವನು ಬರ್ತಾನೆ? ಹರಿದೇ ಇರೋ ಬಟ್ಟೆ ಹೊಲಿದುಕೊಟ್ರೆ ನನ್ ಅಂಗಡಿ ನಡೆಯುತ್ತಾ? ಅತೀ ಒಳ್ಳೆ ಕೆಲಸ ಮಾಡಿ ಹಾಳಾದ್ರು, ಪಾಪ.”

ಇದಕ್ಕಿಂತ ಗಟ್ಟಿಯಾದ ವಾದ ಆ ಬೀದಿಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಸಂಜೆಯೊಳಗೆ ಅದು ಎಲ್ಲ ಮಹಡಿಗಳನ್ನೂ ಹತ್ತಿ ಇಳಿಯಿತು. ಕಟ್ಟಡದ ಸಂಘದ ಕಾರ್ಯದರ್ಶಿಗಳು ಕೈಗೆ ಗಡಿಯಾರ ಕಟ್ಟಿಕೊಂಡು ಇಳಿದು ಬಂದರು. ಅವರು ಗಡಿಯಾರ ಕಟ್ಟಿದರೆಂದರೆ ವಿಷಯ ಗಂಭೀರ ಎಂದರ್ಥ.

“ಸಂಘದ ಪರವಾಗಿ ಒಂದು ಪರೀಕ್ಷೆ ಆಗ್ಬೇಕು” ಅಂದರು. ಸಂಘದ ಪರವಾಗಿ ತಮ್ಮ ಮಗಳ ಮನೆಗೆ ಹೋಗಿ, ಅಲ್ಲಿ ಊಟ ಮಾಡಿ, ವಾಪಸ್ ಬಂದರು. ಇಪ್ಪತ್ತಾರು ಕಿಲೋಮೀಟರ್. ಅಂಕಿ ಕದಲಲಿಲ್ಲ. ಮರುದಿನ ಸೂಚನಾ ಫಲಕದಲ್ಲಿ ‘ನಮ್ಮ ಕಟ್ಟಡದ ಹೆಮ್ಮೆ’ ಎಂದು ಬರೆದು, ಕೆಳಗೆ ನೀರಿನ ಟ್ಯಾಂಕ್ ತೊಳೆಯುವ ದಿನಾಂಕ ಹಾಕಿದರು.

ಕಚೇರಿಯ ಇಂಜಿನಿಯರ್ ಸಾಹೇಬರಿಗೂ ಸುದ್ದಿ ಮುಟ್ಟಿತು. ಅವರು ಹಿಂದಿನ ಸೀಟಿನಲ್ಲಿ ಕಡತ ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಪಂಪ್‌ಹೌಸುಗಳ ತಪಾಸಣೆಗೆ ಓಡಾಡಿದರು. ಎರಡು ವರ್ಷದಿಂದ ಬಾಕಿಯಿದ್ದ ತಪಾಸಣೆ. “ಏನಯ್ಯಾ ಇದು, ವಿಜ್ಞಾನಕ್ಕೇ ವಿರುದ್ಧ ಇದೆಯಲ್ಲ?” ಅಂದರು. ಸ್ವಲ್ಪ ದೂರ ಹೋಗಿ, “ವಿಜ್ಞಾನ ಇರ್ಲಿ, ಮೂರನೇ ಪಂಪ್‌ಹೌಸ್ ಕಡೆ ತಿರುಗಿಸು” ಅಂದರು.

ಒಬ್ಬರು ಮಾತ್ರ ಒಪ್ಪಲಿಲ್ಲ. ಟೀಚರಮ್ಮನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವಾಗ ಅವರು ಹಿಂದಿನ ಸೀಟಿನಿಂದ ಬಗ್ಗಿ, ದಪ್ಪ ಕನ್ನಡಕದಲ್ಲಿ ಆ ಅಂಕಿಯನ್ನು ಬಹಳ ಹೊತ್ತು ನೋಡಿದರು.

“ಇದು ಕೆಟ್ಟು ನಿಂತಿದೆ ಕಣಯ್ಯಾ.”

ಮೀಟರಪ್ಪನಿಗೆ ಯಾರೋ ತಾಯಿಯನ್ನು ಬೈದಂತಾಯಿತು. “ಮೀಟರ್ ಯಾಕೆ ಕೆಡುತ್ತೆ, ಟೀಚರಮ್ಮ?”

“ನಮ್ಮನೇದು ಕೆಟ್ಟಿದ್ಯಲ್ಲ, ಹಂಗೆ.”

“ನಿಮ್ಮನೇದೂ ಕೆಟ್ಟಿಲ್ಲ, ಇದೂ ಕೆಟ್ಟಿಲ್ಲ!”

ಇಲ್ಲಿ ಅವನ ಕಷ್ಟವನ್ನು ಅರ್ಥ ಮಾಡಿಕೊಳ್ಳಬೇಕು. ಕಾರಿನ ಅಂಕಿ ಸುಳ್ಳೆಂದು ಒಪ್ಪಿದರೆ, ಹತ್ತೊಂಬತ್ತು ವರ್ಷದ ಪುಸ್ತಕಗಳೆಲ್ಲ ಸಾಲಾಗಿ ಎದ್ದು ಬಂದು ಅವನ ಮುಂದೆ ನಿಲ್ಲುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಆ ಅಂಕಿ ನಿಜವಾದರೆ ಅವನು ಬಂದರಿಗೆ ಹೋಗಬಹುದಿತ್ತು. ಹೋಗಿ ಬರಬಹುದಿತ್ತು. ಶನಿವಾರ ಶನಿವಾರ ಹೋಗಿ ಬರಬಹುದಿತ್ತು. ಇಷ್ಟು ಬೇಕಾದ ಅಂಕಿಯನ್ನು ಯಾರು ತಾನೆ ಅನುಮಾನದಿಂದ ನೋಡುತ್ತಾರೆ?

ಹನ್ನೊಂದನೆಯ ದಿನ ಹೆಂಡತಿಗೆ ಫೋನ್ ಮಾಡಿದ.

“ಏನೇ, ಈ ಶನಿವಾರ ಬರ್ತಿದೀನಿ.”

“ಬಸ್ಸಲ್ಲಾ?”

“ಕಾರಲ್ಲಿ! ಹತ್ತು ಗಂಟೆಗೆಲ್ಲಾ ನಿನ್ನ ಬಾಗಿಲಲ್ಲಿರ್ತೀನಿ.”

“ರೀ, ಕಂಪನಿ ಮುಚ್ಚಿಹೋಯ್ತು ಅಂದಿದ್ರಿ?”

“ಕಂಪನಿ ಹೋದ್ರೂ ಕಾರು ಇದೆಯಲ್ಲ. ಎಷ್ಟು ಓಡ್ಸಿದ್ರೂ ಇನ್ನೂರ ಹದಿನಾಲ್ಕು ಕಿಲೋಮೀಟರ್ ಹಾಗೇ ಇದೆ. ನೀನು ಬಂದು ನೋಡು, ಕೂತು ನೋಡು.”

“ನಾನು ರಜೆ ಹಾಕ್ತೀನಿ ಹಾಗಿದ್ರೆ” ಅಂದಳು. ಆಮೇಲೆ ದನಿ ಸಣ್ಣದು ಮಾಡಿ, “ಇಲ್ಲಿ ಒಂದು ಫಾರಂ ಕೊಟ್ಟಿದಾರೆ ರೀ. ಇನ್ನೂ ಮೂರು ವರ್ಷ ಇಲ್ಲೇ ಇರ್ತೀನಿ ಅಂತಲೋ, ವಾಪಸ್ ಬರ್ತೀನಿ ಅಂತಲೋ ಗುರುತು ಹಾಕ್ಬೇಕು. ತಿಂಗಳ ಕೊನೆಗೆ ಕೊಡ್ಬೇಕು. ನೀವು ಬನ್ನಿ, ಆಮೇಲೆ ಹಾಕ್ತೀನಿ.”

ಶನಿವಾರ ಬೆಳಿಗ್ಗೆ ಆರಕ್ಕೆ ಇಡೀ ಕಟ್ಟಡ ಅಂಗಳದಲ್ಲಿ ನಿಂತಿತ್ತು. ದರ್ಜಿ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಿದ್ದ. ಕಾರ್ಯದರ್ಶಿಗಳು ಗಡಿಯಾರ ನೋಡಿ, ಹೊರಡುವ ವೇಳೆಯನ್ನು ಚೀಟಿಯಲ್ಲಿ ಬರೆದುಕೊಂಡರು. ಟೀಚರಮ್ಮ ತಮ್ಮ ಮೂಲೆ ಮನೆಯ ಬಾಲ್ಕನಿಯಿಂದಲೇ “ಬಸ್ಸಿನ ವೇಳೆ ಗೊತ್ತಿದೆ ತಾನೇ?” ಎಂದು ಕೂಗಿದರು. ಅವನು ಕೇಳಿಸದವನಂತೆ ಗಾಜು ಏರಿಸಿದ.

ಮೂವತ್ತೆಂಟು ಕಿಲೋಮೀಟರ್ ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಅವನು ಪಕ್ಕದ ಖಾಲಿ ಸೀಟಿನೊಡನೆ ಅಷ್ಟಿಷ್ಟು ಮಾತೂ ಆಡಿದ. ಮೂವತ್ತೊಂಬತ್ತನೆಯದು ಶುರುವಾಗುವ ಮುನ್ನ, ಒಂದು ಚಹಾ ಅಂಗಡಿಯ ಎದುರು ಕಾರು ದೀರ್ಘವಾಗಿ ನಿಟ್ಟುಸಿರು ಬಿಟ್ಟು ನಿಂತಿತು.

ಪರದೆಯ ಮೇಲೆ ಇನ್ನೂರ ಹದಿನಾಲ್ಕು.

ವಿಚಿತ್ರವೆಂದರೆ ಅದು ನಿಂತದ್ದು ಕಂಪನಿಯದೇ ಹೆದ್ದಾರಿ ಕಂಬದ ಪಕ್ಕದಲ್ಲಿ. ಒಂದು ದಿನವೂ ಬೆಳಗದ ಕಂಬ. ಅಂಗಡಿಯವಳು ಅದರ ಕೇಬಲನ್ನು ಎಳೆದು ಮರಕ್ಕೆ ಕಟ್ಟಿ ಬಟ್ಟೆ ಒಣಗಲು ಹಾಕಿದ್ದಳು. ಅವನನ್ನು ನೋಡಿ ಮುಖ ಸಿಂಡರಿಸಿದಳು. “ಕಂಪನಿಯವರಾ? ವೈರ್ ತಗೊಂಡ್ ಹೋಗೋ ಹಾಗಿದ್ರೆ ಸಂಜೆ ಬನ್ನಿ. ಬೆಡ್‌ಶೀಟ್ ಇನ್ನೂ ಒದ್ದೆ ಇದೆ.”

ಅಷ್ಟರಲ್ಲಿ ಹೆದ್ದಾರಿ ಗಸ್ತಿನವನು ಬೈಕಿನಲ್ಲಿ ಬಂದ.

“ಏನ್ರೀ, ರಸ್ತೇಲಿ ನಿಲ್ಸಿದೀರಾ?”

“ನಿಂತ್ಹೋಯ್ತು ಸಾರ್. ಚಾರ್ಜ್ ಇಲ್ಲ ಅಂತ ಕಾಣುತ್ತೆ.”

ಗಸ್ತಿನವನು ತಲೆ ಒಳಗೆ ಹಾಕಿ ನೋಡಿದ. “ಇನ್ನೂರ ಹದಿನಾಲ್ಕು ಕಿಲೋಮೀಟರ್ ಅಂತ ತೋರಿಸ್ತಿದೆಯಲ್ರೀ! ನನ್ ಹತ್ರ ನಾಟಕ ಆಡ್ತೀರಾ? ಹತ್ತಿ, ಓಡ್ಸಿ.”

“ಓಡಲ್ಲ ಸಾರ್.”

“ಮೀಟರ್ ಓಡುತ್ತೆ ಅಂತಿದೆ, ನೀವು ಓಡಲ್ಲ ಅಂತೀರಿ. ಮೀಟರ್ ಸುಳ್ಳು ಹೇಳುತ್ತಾ?”

ಅಂಗಡಿಯವಳ ಪಾತ್ರೆಯಲ್ಲಿ ಚಹಾ ಉಕ್ಕಿ ಒಲೆಗೆ ಬಿತ್ತು. ಹತ್ತೊಂಬತ್ತು ವರ್ಷ, ದಿನಕ್ಕೆ ಅರವತ್ತು ಮನೆ.

“ಹೇಳುತ್ತೆ ಸಾರ್” ಅಂದ ಮೀಟರಪ್ಪ.

ಗಸ್ತಿನವನು ಏಕೋ ಸ್ವಲ್ಪ ಮೆತ್ತಗಾದ. ಕಾರನ್ನು ಅಂಚಿಗೆ ತಳ್ಳಲು ತಾನೂ ಕೈ ಹಚ್ಚಿದ. ಸಂಜೆ ಐದಕ್ಕೆ ಎಳೆದೊಯ್ಯುವ ಗಾಡಿ ಕಳಿಸುತ್ತೇನೆ, ಆ ಹೊತ್ತಿಗೆ ಮಾಲೀಕ ಇಲ್ಲಿರಬೇಕು, ಇಲ್ಲದಿದ್ದರೆ ಠಾಣೆಗೆ ಹೋಗುತ್ತದೆ ಎಂದು ಹೇಳಿ ಹೊರಟುಹೋದ.

ಮೀಟರಪ್ಪ ಹೆಂಡತಿಯ ಸೀಟಿನ ಬಾಗಿಲು ತೆಗೆದು, ಪ್ಲಾಸ್ಟಿಕ್ಕಿನ ಮೇಲೆ ಕೂತ. ಮೊದಲ ಸಲ. ಫೋನ್ ಮಾಡಿದ.

“ಎಲ್ಲಿದೀರಿ?” ಅಂದಳು. ಅವಳ ಹಿಂದೆ ಕುಕ್ಕರ್ ಕೂಗುವುದು ಕೇಳಿಸಿತು.

“ಮೂವತ್ತೆಂಟನೇ ಕಿಲೋಮೀಟರಲ್ಲಿ. ಕಾರು ನಿಂತಿದೆ.”

“ಇನ್ನೂರ ಹದಿನಾಲ್ಕಿದೆ ಅಂತಿದ್ರಿ?”

“ಈಗ್ಲೂ ಇನ್ನೂರ ಹದಿನಾಲ್ಕೇ ಇದೆ” ಅಂದ. “ಮೀಟರ್ ಕೆಟ್ಟಿದೆ ಕಣೇ. ಕಂಪನಿ ಮುಚ್ಚಿದ ದಿನವೇ ಕೆಟ್ಟು ನಿಂತಿದೆ. ಸಂಜೆ ಐದಕ್ಕೆ ನಾನು ಇಲ್ಲೇ ಇರ್ಬೇಕು. ಅಲ್ಲೀವರೆಗೂ ಬಂದು ವಾಪಸ್ ಬರೋಕಾಗಲ್ಲ.”

ಅವಳು ಬೈಯುತ್ತಾಳೆಂದು ಕಾದ. ಕುಕ್ಕರ್ ಇನ್ನೊಂದು ಸಲ ಕೂಗಿತು.

“ನಿಮ್ ಇಲಾಖೇಲಿ ಮೀಟರ್ ಕೆಟ್ಟು ನಿಂತ್ರೆ ಏನು ಬರೀತೀರಿ?”

“ಸರಾಸರಿ ತೆಗೆದು ಬರೀತೀವಿ.”

“ಹಾಗಾದ್ರೆ ಸರಾಸರಿ ತೆಗೀರಿ. ನಡುವೆ ನೂರ ಆರನೇ ಕಿಲೋಮೀಟರಲ್ಲಿ ಒಂದು ಬಸ್ ನಿಲ್ದಾಣ ಇದೆ. ನಾನೂ ಅಲ್ಲಿಗೇ ಬರ್ತೀನಿ. ಪೂರ್ತಿ ನಾನೇ ಬರಲ್ಲ. ಮೂರು ಸಲ ಬಂದಾಗಿದೆ.” ಕುಕ್ಕರ್ ಆರಿಸಿದ ಸದ್ದಾಯಿತು.

ಗಂಟೆಯೊಳಗೆ ಬಂದ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದದ್ದು ಭಾವಮೈದುನನೇ. ಇಸ್ತ್ರಿ ಅಂಗಿ, ಸತ್ತ ಕಾರು, ಬೆಡ್‌ಶೀಟ್ ಹೊದ್ದ ಕೇಬಲ್ ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದ. ಎಂಟು ತಿಂಗಳಿಂದ ಈ ಗಳಿಗೆಗಾಗಿ ಅವನು ಎಷ್ಟು ಮಾತು ಕೂಡಿಸಿಟ್ಟಿದ್ದನೋ ಏನೋ. ಭಾವನ ಮುಖ ನೋಡಿ ಅಷ್ಟನ್ನೂ ನುಂಗಿಕೊಂಡು, “ಹತ್ತಿ ಭಾವ” ಅಂದ. ಆಮೇಲೆ ತಡೆಯಲಾರದೆ, “ಕೈಲಿ ಏನದು?” ಅಂದ.

ಕೈಯಲ್ಲಿ ಇದ್ದದ್ದು ಸೀಟಿನ ಪ್ಲಾಸ್ಟಿಕ್. ಬಿಟ್ಟು ಬರಲು ಮನಸ್ಸಾಗದೆ ಬಿಚ್ಚಿ ಮಡಚಿಕೊಂಡು ಬಂದಿದ್ದ.

ನೂರ ಆರನೆಯ ಕಿಲೋಮೀಟರಿನ ಬಸ್ ನಿಲ್ದಾಣದಲ್ಲಿ ನೋಡುವಂಥದ್ದೇನೂ ಇಲ್ಲ. ಒಂದು ನಲ್ಲಿ, ಎರಡು ಸಿಮೆಂಟು ಬೆಂಚು, ಮುಚ್ಚಿದ ವಿಚಾರಣಾ ಕಿಟಕಿ. ಆಗಷ್ಟೇ ಯಾರೋ ಬೆಂಚುಗಳಿಗೆಲ್ಲ ನೀರು ಹೊಡೆದು ತೊಳೆದಿದ್ದರು. ಅವಳು ಬಂದರಿನ ಬಸ್ಸಿನಿಂದ ಇಳಿದಾಗ ಅವನು ಬೆಂಚಿನ ಮುಂದೆ, ಏನು ಮಾಡಬೇಕೆಂದು ತೋಚದೆ, ಮೀಟರ್ ಗುಂಡಿಯ ಮುಂದೆ ನಿಂತವನಂತೆ ನಿಂತಿದ್ದ. ಅವಳು ಸ್ವಲ್ಪ ಕಪ್ಪಗಾಗಿದ್ದಳು. ಕೈಯಲ್ಲಿ ಬುತ್ತಿ ಇತ್ತು.

“ಕೂರೋಣ ಅಂದ್ರೆ ಒದ್ದೆಯಲ್ರೀ.”

ಅವನು ಪ್ಲಾಸ್ಟಿಕ್ ಬಿಡಿಸಿ ಬೆಂಚಿನ ಮೇಲೆ ಹಾಸಿದ. ಅಂಚು ಸರಿಮಾಡಿದ.

“ಏನಿದು?”

“ಮುಂದಿನ ಸೀಟು. ಯಾರನ್ನೂ ಕೂರಿಸಿಲ್ಲ. ಸಾಹೇಬರನ್ನೂ ಕೂರಿಸಿಲ್ಲ.”

ಅವಳು ಅದನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ. ಸೆರಗು ಸರಿಮಾಡಿಕೊಂಡು, ಕಾರಿನಲ್ಲಿ ಕೂರುವವರು ಕೂರುವ ಹಾಗೆ, ತಲೆ ಸ್ವಲ್ಪ ತಗ್ಗಿಸಿ ಒಳಗೆ ಸರಿದು ಕೂತಳು. “ಜಾಗ ಚೆನ್ನಾಗಿದೆ” ಅಂದಳು. ಆಮೇಲೆ, “ಉಸಿರು ಬಿಡಿ ಇನ್ನು. ಎಷ್ಟೊತ್ತು ಹಿಡ್ಕೊಂಡಿರ್ತೀರಿ?”

ಅವನು ಬಿಟ್ಟ.

ಬುತ್ತಿ ಮುಗಿದ ಮೇಲೆ ಅವಳು ಚೀಲದಿಂದ ಫಾರಂ ತೆಗೆದಳು. ಎರಡು ಪುಟ್ಟ ಚೌಕಗಳು. ‘ಇಲ್ಲೇ ಮುಂದುವರಿಯುತ್ತೇನೆ’ ಎಂಬುದರ ಮುಂದೆ ಪೆನ್ಸಿಲ್ಲಿನ ಗುರುತಿತ್ತು.

“ಯಾವಾಗ ಹಾಕ್ದೆ?”

“ನಿಮ್ ಫೋನ್ ಬಂತಲ್ಲ, ಇವತ್ತು ಬೆಳಿಗ್ಗೆ, ಆವಾಗ. ಸಿಟ್ಟು ಬಂತು.” ಕೈ ಚಾಚಿದಳು. “ಕೊಡಿ.”

ಅವನು ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ ಕೊಟ್ಟ. ಅವಳು ತಿರುಗಿಸಿ ಹಿಡಿದು, ರಬ್ಬರಿನಿಂದ ಗುರುತು ಅಳಿಸಿ, ಪುಡಿಯನ್ನು ಊದಿದಳು. ಇನ್ನೊಂದು ಚೌಕ ಹಾಗೇ ಖಾಲಿ ಇತ್ತು. ಅವನು ಅದನ್ನೇ ನೋಡುತ್ತಿದ್ದ.

“ಅದು ಮುಂದಿನ ಶನಿವಾರ. ಪೂರ್ತಿ ದೂರ ಬಂದ್ರೆ. ಬಸ್ಸಲ್ಲಿ.” ಪೆನ್ಸಿಲನ್ನು ವಾಪಸ್ ಕೊಡದೆ ತನ್ನ ಚೀಲದಲ್ಲಿ ಹಾಕಿಕೊಂಡಳು. ಪ್ಲಾಸ್ಟಿಕ್ಕನ್ನೂ ಒರೆಸಿ ಮಡಚಿ ಇಟ್ಟುಕೊಂಡಳು. “ಇದು ನನ್ ಸೀಟಿಂದು. ನನ್ ಹತ್ರಾನೇ ಇರ್ಲಿ.”

ಎರಡು ಬಸ್ಸುಗಳು ಎರಡು ದಿಕ್ಕಿಗೆ ಹೊರಟವು.

ಸೋಮವಾರ ಅವನು ಮೊದಲು ಹೋದದ್ದು ಮೂಲೆ ಮನೆಗೆ. ಮುಚ್ಚಳ ಎತ್ತಲಿಲ್ಲ, ಟಾರ್ಚ್ ಬಿಡಲಿಲ್ಲ. ಹೊಸ ಪೆನ್ಸಿಲಿನಿಂದ ‘ಮೀಟರ್ ಕೆಟ್ಟಿದೆ’ ಎಂದು ಬರೆದು ಟೀಚರಮ್ಮನಿಗೆ ತೋರಿಸಿದ. ಅವರು ಓದಿ, “ಕೆಟ್ಟಿದೆ ಅನ್ನೋದಕ್ಕೆ ಒತ್ತಕ್ಷರ ಸರಿಯಾಗೇ ಬರ್ದಿದೀಯ” ಎಂದು ಒಳಗೆ ಹೋದರು.

ಸಂಜೆ ಬಸ್ ನಿಲ್ದಾಣಕ್ಕೆ ಹೋದ. ಭಾವಮೈದುನ ಸೀಟು ಕಾಯ್ದಿರಿಸುವ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಶನಿವಾರಕ್ಕೆ ಕಿಟಕಿ ಪಕ್ಕದ್ದು ಇಡು.”

ಭಾವಮೈದುನ ಪೆನ್ನಿನ ಮುಚ್ಚಳ ತೆಗೆದ. “ಹೋಗೋಕೆ ಒಂದು. ಬರೋಕೆ?”

ಮೀಟರಪ್ಪ ಆ ಹಾಳೆ ನೋಡಿದ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ ಅವನ ಕೈಗೆ ಕೊಟ್ಟ.

“ಬರೋಕೆ ಎರಡು ಅಂತ ಹಾಕು. ಪೆನ್ನಲ್ಲಿ ಬೇಡ, ಇದರಲ್ಲಿ.”